ಖಾಲಿ ಆಕಾಶ ನೋಡುವ ಚಿಕ್ಕಪ್ಪ

ಇಡೀ ಮುಂಬಯಿಯಲ್ಲಿ ಖಾಲಿ ಜಾಗ ನೋಡುವುದಕ್ಕೆ ಸಂಬಳ ಪಡೆಯುತ್ತಿದ್ದವರು ಒಬ್ಬರೇ, ನಮ್ಮ ಚಿಕ್ಕಪ್ಪ! ಹೀಗೆ ಬರೆದ ಕೂಡಲೇ ನನಗೆ ಅನುಮಾನ. ಕೆಲವು ವಿವರ ನನ್ನ ನೆನಪಿನಲ್ಲಿ ಅದಲುಬದಲಾಗಿರಬಹುದು. ಆ ವರ್ಷದ ದಿನಚರಿ ತೆರೆದರೆ ಮುಖ್ಯವಾದ ದಿನಗಳಲ್ಲೆಲ್ಲ ‘ತಲೆನೋವು’ ಎಂದಷ್ಟೇ ಇದೆ. ತಲೆನೋವಿಗೆ ಕಾರಣ ಯಾರು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ನಾನಾಗ ಎಂ.ಎಸ್ಸಿ. ಗಣಿತ ಓದುತ್ತ ಮಲಾಡಿನ ಅವರ ಮನೆಯಲ್ಲಿದ್ದೆ. ಚಿಕ್ಕಪ್ಪ ರೇಡಿಯೊ ದೂರದರ್ಶಕದ ವಿಜ್ಞಾನಿ. ಊರಾಚೆಯ ಬಯಲಿನಲ್ಲಿ ಸಾಲಾಗಿ ನಿಂತ ತಂತಿಬಲೆಯ ದೊಡ್ಡ ಬೋಗುಣಿಗಳಿಂದ, ನಕ್ಷತ್ರಗಳ ನಡುವಿನ ಜಲಜನಕದ ಮೋಡಗಳನ್ನು ಆಲಿಸುವುದು ಅವರ ಕೆಲಸ. ಮೋಡದ ಕಡೆ ಎಷ್ಟು ಹೊತ್ತು ತಿರುಗಿಸುತ್ತಾರೋ ಅಷ್ಟೇ ಹೊತ್ತು ಪಕ್ಕದ ಖಾಲಿ ಆಕಾಶದ ಕಡೆಗೂ ತಿರುಗಿಸಬೇಕಂತೆ. ಅದರಿಂದ ಇದನ್ನು ಕಳೆದರೆ ಉಳಿಯುವುದೇ ಮೋಡದ ಸದ್ದು.

ಚಿಕ್ಕಮ್ಮ ಇದನ್ನು ಬಂದವರಿಗೆಲ್ಲ ವಿವರಿಸುತ್ತಿದ್ದರು: "ಅರ್ಧಾ ಹೊತ್ತು ಇದ್ದದ್ದು ನೋಡ್ತಾರ, ಅರ್ಧಾ ಹೊತ್ತು ಇಲ್ಲದ್ದು ನೋಡ್ತಾರ. ಮನ್ಯಾಗ ಸಕ್ರಿ ತೀರಿದ್ದೊಂದು ಕಾಣೂದಿಲ್ಲ."

ಚಿಕ್ಕಪ್ಪ ಕೆಲಸವನ್ನು ಕಚೇರಿಯಲ್ಲೇ ಬಿಟ್ಟು ಬರುವ ಮನುಷ್ಯರೇ? ಸಂತೆಗೆ ಹೋಗುವಾಗ ಕಾಲು ಕಿಲೋದ ಹಿತ್ತಾಳೆಯ ಬಟ್ಟು ಜೇಬಿನಲ್ಲಿ! ತರಕಾರಿಯವಳ ತಕ್ಕಡಿಯಲ್ಲಿ ಮೊದಲು ಅವಳ ಬಟ್ಟನ್ನು ತಮ್ಮದರ ಎದುರಿಗಿಟ್ಟು ತೂಗಿಸುತ್ತಿದ್ದರು. ಒಮ್ಮೆ ವ್ಯತ್ಯಾಸ ಕಂಡೇಬಿಟ್ಟಿತು. ಅವಳ ಬಟ್ಟೇ ಭಾರ; ಪಾಪ, ದಿನವೂ ಹೆಚ್ಚೇ ಕೊಡುತ್ತಿದ್ದಳು. ಚಿಕ್ಕಪ್ಪ ಚೀಲದಿಂದ ನಾಲ್ಕು ಬೆಂಡೆಕಾಯಿ ತೆಗೆದು ಅವಳಿಗೆ ಹಿಂದಿರುಗಿಸಿದರು. ಇಂಥ ಗಿರಾಕಿಗಿಂತ ಕದಿಯುವವನೇ ವಾಸಿ ಎಂದು ಅವಳು ಮರಾಠಿಯಲ್ಲಿ ನನಗೆ ಹೇಳಿದಳು. ನಾನು ಒಪ್ಪಿದೆ.

ವರ್ಷ ಕಾದ ಮೇಲೆ ಆ ಬೋಗುಣಿಗಳು ಮೂರು ದಿನದ ಮಟ್ಟಿಗೆ ಚಿಕ್ಕಪ್ಪನ ಪಾಲಿಗೆ ಬಂದವು. ಆಕಾಶದ ಒಂದು ಮೂಲೆಯಲ್ಲಿ ಜಲಜನಕದ ಮೋಡವಿದೆ ಎಂದು ಇವರ ವಾದ. ಸಹೋದ್ಯೋಗಿಗಳು ಯಾರೂ ನಂಬಿರಲಿಲ್ಲ. ಮೂರು ದಿನದಲ್ಲಿ ತೋರಿಸಬೇಕು. ಜಲಜನಕದ್ದು ಒಂದೇ ಶ್ರುತಿ. ಆದರೆ ನಮ್ಮ ಭೂಮಿ ಸುಮ್ಮನೆ ಕೂರುತ್ತದೆಯೇ? ಮೋಡದತ್ತ ಓಡುವ ತಿಂಗಳಲ್ಲಿ ಆ ಶ್ರುತಿ ಏರಿ ಕೇಳಿಸುತ್ತದೆ, ದೂರ ಓಡುವ ತಿಂಗಳಲ್ಲಿ ಇಳಿದು. ಎಷ್ಟೆಂದು ಮೊದಲೇ ಲೆಕ್ಕ ಹಾಕಿ, ಯಂತ್ರ ಆಲಿಸುವ ಕಿರಿದಾದ ಕಿಟಕಿಯನ್ನು ಸರಿಯಾಗಿ ಆ ಶ್ರುತಿಯಲ್ಲಿಯೇ ತೆರೆಯಬೇಕು. ತಪ್ಪಿದರೆ ಮೋಡ ಹಾಡುತ್ತಲೇ ಇರುತ್ತದೆ, ನಮಗೆ ಕೇಳಿಸುವುದಿಲ್ಲ.

ಒಂದೇ ಲೆಕ್ಕವನ್ನು ಇಬ್ಬರು, ಒಬ್ಬರದನ್ನೊಬ್ಬರು ನೋಡದೆ ಮಾಡಬೇಕೆಂಬುದು ಅವರ ನಿಯಮ. ಎರಡನೆಯವಳು ನಾನು! ಒಂದು ಕೋಣೆಯ ಮನೆಯಲ್ಲಿ ಅವರು ಒಳಗೆ, ನಾನು ಒಣಹಾಕಿದ ಸೀರೆಗಳ ಕೆಳಗೆ ಹೊರಗಿನ ಗ್ಯಾಲರಿಯಲ್ಲಿ. ಭಾನುವಾರ ಮೂರು ಸಲ ಮಾಡಿಸಿದರು. ಮೂರು ಸಲವೂ ಅವರ ಲೆಕ್ಕದಲ್ಲಿ ಶ್ರುತಿ ಏರಿತು, ನನ್ನದರಲ್ಲಿ ಇಳಿಯಿತು. ನಾಲ್ಕನೆಯ ಸಲ ಎಂದಾಗ ನನ್ನ ಸಹನೆ ತೀರಿತು.

"ನಂದು ಸರಿ ಅದ ಚಿಕ್ಕಪ್ಪ. ಕೂಡಿಸೂದು ಕಳಿಯೂದು ನನಗ ಬರ್ತದ. ನಿಮ್ಮದು ನೀವು ನೋಡ್ಕೋರಿ."

ಅವರು ಎರಡೂ ಹಾಳೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ರಬ್ಬರು ತೆಗೆದುಕೊಂಡು ತಮ್ಮ ಅಂಕಿ ಅಳಿಸಿ, ನನ್ನದನ್ನು ಬರೆದು ಸಹಿ ಹಾಕಿದರು.

ಮೂರು ದಿನವೂ ಯಂತ್ರದ ಕಾಗದದ ಮೇಲೆ ಗೆರೆ ಚಪ್ಪಟೆಯಾಗಿಯೇ ಓಡಿತು. ಅದು ತಿಳಿದ ಸಂಜೆ ನಾನು ಲೆಕ್ಕವನ್ನು ಮತ್ತೆ ಮಾಡಿದೆ. ಕೂಡಿಸಬೇಕಾದಲ್ಲಿ ಕಳೆದಿದ್ದೆ. ಅಳುತ್ತ ಹೋಗಿ ಹೇಳಿದರೆ ಅವರು ತಲೆಯೆತ್ತಲಿಲ್ಲ.

"ಸಹಿ ನಂದದ. ತಪ್ಪೂ ನಂದ. ಹೋಗವಾ, ಊಟ ಮಾಡು."

ಕಚೇರಿಯಲ್ಲೂ ಹಾಗೆಯೇ ಹೇಳಿದರಂತೆ. ಆ ಮೋಡವನ್ನು ನೋಡಲು ಅವರಿಗೆ ಮತ್ತೆ ಅವಕಾಶ ಸಿಗಲಿಲ್ಲ. ನಾನು ಪಾಸಾದೆ, ಫೋರ್ಟಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಕೂಡಿಸುವುದು, ಕಳೆಯುವುದು!

ಕಳೆದ ವರ್ಷ ಮಲಾಡ್ ಸ್ಟೇಷನ್ನಿನಲ್ಲಿ, ಲೋಕಲ್ ಕಾಯುತ್ತ ಪಕ್ಕದಲ್ಲಿ ನಿಂತಿದ್ದ ಅವರನ್ನು ಕಡೆಗೂ ಒಂದು ಮಾತು ಕೇಳಿದೆ. ಗದ್ದಲದಲ್ಲಿ ಕೇಳಿಸಲಿಲ್ಲವೋ, ಕೇಳಿಸಿತೋ. ಜನ ಅವರನ್ನು ಡಬ್ಬಿಯೊಳಕ್ಕೆ ನೂಕಿದರು. ಅಂದಿನಿಂದ ಎಷ್ಟೋ ಸಲ ಭೇಟಿಯಾಗಿದ್ದೇವೆ. ಅವರು ಆ ಮಾತೆತ್ತಿಲ್ಲ, ನಾನೂ ಎರಡನೆಯ ಸಲ ಕೇಳಿಲ್ಲ. ಅಂದು ಕೇಳಿದ್ದು ಇಷ್ಟೇ:

"ಚಿಕ್ಕಪ್ಪ, ಅವತ್ತು ರಬ್ಬರು ಕೈಯಾಗ ತಗೊಂಡಾಗ, ನಿಮ್ಮ ಲೆಕ್ಕಾನ ಸರಿ ಅಂತ ನಿಮಗ ಗೊತ್ತಿತ್ತೇನು?"