ಅಡುಗೆಮನೆಯ ನೆಲ ಮತ್ತು ನನ್ನ ಸೊಂಟದ ಕೀಲಿಕೈ

ಹತ್ತು ಮನೆಯವರು ಬಳಸುವ ಅಡುಗೆಮನೆಯ ಕೀಲಿಕೈ ಒಮ್ಮೆ ಸೊಂಟಕ್ಕೆ ಬಿತ್ತೆಂದರೆ ಮುಗಿಯಿತು, ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮನೆ ವಿಚಾರಿಸಿಕೊಂಡು ಬರುತ್ತದೆ. ನಾನು ದೇವರ ಹಿಪ್ಪರಗಿ ಕಡೆಯ ಹಳ್ಳಿಯೊಂದರಲ್ಲಿ ಸಾಲಿ ಮಾಸ್ತರ. ಮದುವೆ, ಬಸುರಿಯರ ಕುಬಸ, ತೊಟ್ಟಿಲು ಎಂದು ಊರೆಲ್ಲ ಬಳಸುವ ಸಮುದಾಯ ಭವನದ ಅಡುಗೆಮನೆ ತೊಂಬತ್ತರ ದಶಕದ ಕೊನೆಗೆ ನನ್ನ ಕೊರಳಿಗೆ ಬಿದ್ದಿತು. ಗಚ್ಚಿನ ನೆಲ ಕಿತ್ತುಹೋಗಿ ಅಲ್ಲಲ್ಲಿ ತಗ್ಗು ಬಿದ್ದಿತ್ತು.

"ಸಾಕಾಗೇತ್ರಿ, ಕೀಲಿಕೈ ಬ್ಯಾರೆಯವರಿಗೆ ಕೊಡ್ರಿ" ಎಂದು ಕಮಿಟಿ ಅಧ್ಯಕ್ಷರ ಮುಂದೆ ಕೈಮುಗಿದೆ.

"ನೆಲ ಒಂದು ನೆಟ್ಟಗ ಮಾಡಿಸ್ರಿ ಮಾಸ್ತರ. ಅವತ್ತೇ ನಿಮ್ಮನ್ನ ಬಿಡ್ತೇವಿ" ಎಂದರು.

ಆ ಒಂದು ಮಾತಿನ ಮೇಲೆ ನಾನು ಜೀವ ಹಿಡಿದುಕೊಂಡಿದ್ದೆ.

ನೆಲ ನೋಡಲು ಹೋದದ್ದು

ಬೇರೆ ಊರಿನ ಅಡುಗೆಮನೆಗಳನ್ನು ನೋಡಿ ಬರಬೇಕೆಂದು ಅಧ್ಯಕ್ಷರು, ಕಿರಾಣಿ ಅಂಗಡಿಯ ಸಾಹುಕಾರರು ಮತ್ತು ನಾನು ಜೀಪು ಹತ್ತಿದೆವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲ ಆಯಿತು. ಹೋದಲ್ಲೆಲ್ಲ "ಹಿರ್ಯಾರು ಬಂದಾರ" ಎಂದು ಅಡುಗೆಮನೆಯಲ್ಲೇ ಗೋಡೆಯಿಂದ ಗೋಡೆಗೆ ಜಮಖಾನ ಹಾಸಿ, ಕೂಡ್ರಿಸಿ, ತಾಟು ಇಟ್ಟುಬಿಟ್ಟರು. ಉಣ್ಣಲು ಕೂತವರು ಜಮಖಾನ ಎತ್ತಿ ಕೆಳಗೆ ಇಣುಕುವುದು ಯಾವ ಮರ್ಯಾದೆ? ಹಾಗೇ ಉಂಡು ಎದ್ದು ಬಂದೆವು.

"ಎಲ್ಲೀ ನೆಲ ಚಲೋ ಇತ್ರಿ?" ಎಂದು ಊರಲ್ಲಿ ಕೇಳಿದರು.

ಸಾಹುಕಾರರು ಒಂದು ತೇಗು ಬಿಟ್ಟು, "ಇಂಡ್ಯಾಗಿನ ಹುಗ್ಗಿ ಚಲೋ ಇತ್ತು" ಎಂದರು.

ಹೊಳೆಯುವ ನೆಲ

ಸಾಹುಕಾರರಿಗೆ ಹೊಳೆಯುವ ಟೈಲ್ಸೇ ಬೇಕು. ಎಣ್ಣೆ ಬಿದ್ದರೆ ಜಾರುತ್ತದೆ ಎಂದೆ. "ಎಣ್ಣಿ ಯಾಕ ಬೀಳತೈತ್ರಿ?" ಎಂದು ನನ್ನನ್ನೇ ಕೇಳಿದರು. ನೂರು ಮಂದಿಗೆ ಭಜಿ ಕರಿಯುವ ಜಾಗದಲ್ಲಿ ಎಣ್ಣೆ ಏಕೆ ಬೀಳುತ್ತದೆ ಎಂದು ಕೇಳಿದವರ ಮುಂದೆ ನಾನು ಟೈಲ್ಸ್ ಪಟ್ಟಿಗೆ ಸಹಿ ಹಾಕಿದೆ.

ಟೈಲ್ಸ್ ಕೂತವು. ಪೂಜೆಯ ದಿನ ಅಧ್ಯಕ್ಷರು ದೇವರ ಹೆಸರು ಹೇಳಿ ತೆಂಗಿನಕಾಯಿಯನ್ನು ಹೊಸ ನೆಲಕ್ಕೇ ಅಪ್ಪಳಿಸಿದರು. ಕಾಯಿ ಒಡೆಯಲಿಲ್ಲ, ಟೈಲ್ಸ್ ಒಡೆಯಿತು. "ಇರ್ಲಿ ಬಿಡ್ರಿ, ಇನ್ನ ದೃಷ್ಟಿ ಆಗೂದಿಲ್ಲ" ಎಂದರು.

ಮೊದಲ ಮದುವೆಯಲ್ಲೇ ರೊಟ್ಟಿ ಬಡಿಯುವ ಮುದುಕಿ, ಊರಿಗೆಲ್ಲ ಆಯಿ, ಬುಟ್ಟಿ ಸಮೇತ ಜಾರಿ ಬಾಗಿಲತನಕ ಬಂದಳು. ಪುಣ್ಯಕ್ಕೆ ಎಲುಬು ಗಟ್ಟಿ ಇತ್ತು. ಮರುದಿನ ಮುಂಜಾನೆ ಹೋಗಿ ನೋಡುತ್ತೇನೆ, ಹೊಳಪೇ ಇಲ್ಲ. ಟೈಲ್ಸ್ ಮೇಲೆ ದಪ್ಪಗೆ ಸೆಗಣಿ ಸಾರಿಸಿ, ಸುತ್ತ ರಂಗೋಲಿ ಬೇರೆ ಎಳೆದಿದ್ದಳು.

"ಏನಬೇ ಆಯಿ ಇದು?"

"ಈಗ ಕಾಲು ನಿಂತಾವ ನೋಡೋ ಮಾಸ್ತರ. ನಿನ್ನ ಟೈಲ್ಸ್ ಎಲ್ಲಿ ಹೋಗ್ತಾವ, ಬುಡಕ ಹಾಂಗ ಅದಾವ."

ಕುಡಗೋಲು

ಟೈಲ್ಸ್ ಕೀಳಿಸಿ, ತಾಳಿಕೋಟೆ ಕಡೆಯ ಫರಸಿ ಕಲ್ಲು ತರಿಸಿದೆ. ಪಾಲಿಶ್ ಇಲ್ಲದೆ ಒರಟಾಗಿಯೇ ಹಾಕಿಸಿ, ನೀರು ಮೋರಿಗೆ ಹರಿಯುವಷ್ಟು ಇಳಿಜಾರು ಕೊಡಿಸಿದೆ. ಹಂಡೆ ಎಳೆದರೂ ಕಲ್ಲು ಜಪ್ಪಯ್ಯ ಎನ್ನಲಿಲ್ಲ. ಮಜ್ಜಿಗೆ, ಹುಣಸೆಹುಳಿ ಚೆಲ್ಲಿದರೆ ಕೂಡಲೇ ತೊಳೆಯಿರಿ, ಕಲೆ ಕೂಡುತ್ತದೆ ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ಹೂಂ ಅಂದರು, ಯಾರೂ ತೊಳೆಯಲಿಲ್ಲ.

ತೊಗರಿ ಕೊಯ್ಲಿಗೆ ಮುಂಚೆ ಒಂದು ದಿನ ಬೀಗ ತೆಗೆದಿಟ್ಟು ಚಹಾ ಕುಡಿದು ಬಂದು ನೋಡಿದರೆ ಒಳಗೆ ಅರ್ಧ ಊರಿನ ಗಂಡಸರು ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಕುಡಗೋಲು ಮಸೆಯುತ್ತಿದ್ದರು.

"ಕಲ್ಲು ಸವೀತೈತ್ರೋ!" ಎಂದು ಕೂಗಿದೆ.

ಒಬ್ಬ ತಲೆ ಎತ್ತದೆಯೇ ಹೇಳಿದ: "ನಮ್ಮ ಕುಡಗೋಲೂ ಸವಿಯಾಕತ್ತಾವ ಮಾಸ್ತರ. ನಾವೇನರ ಅಂದೇವೇನ್ರಿ?"

ಹೆಸರಿನ ಕಲ್ಲು

ಒಲೆಯ ಸುತ್ತಲಿನ ಕಲ್ಲುಗಳನ್ನು ಹಾಕುವುದಷ್ಟೇ ಉಳಿದಿತ್ತು. ಕಮಿಟಿಯವರು ಒಬ್ಬೊಬ್ಬರು ಒಂದೊಂದು ಕೊಡಿಸಿ, ಗುಡಿಯ ಹಾಸುಗಲ್ಲಿನಲ್ಲಿ ಇರುವಂತೆ ತಮ್ಮ ಹೆಸರು ಕೆತ್ತಿಸಿದರು. "ಹತ್ತು ಮಂದಿ ಪಾದಧೂಳಿ ನಮ್ಮ ಹೆಸರಿಗೆ ಹತ್ಲಿ" ಎಂದರು ಅಧ್ಯಕ್ಷರು. ನನ್ನ ದುಡಿಮೆಗೆ ಮೆಚ್ಚಿ, ದೊಡ್ಡ ಒಲೆಯ ಮುಂದೆಯೇ ನನ್ನ ಹೆಸರಿನ ಕಲ್ಲೂ ಹಾಕಿಸಿದರು. ಅಧ್ಯಕ್ಷರ ಮೊಮ್ಮಗಳ ಮದುವೆಯ ದಿನ ಕೀಲಿಕೈ ಒಪ್ಪಿಸುವುದೆಂದು ಮಾತಾಯಿತು. ಅಂದು ನಾನು ಇಸ್ತ್ರಿ ಮಾಡಿದ ಧೋತರ ಉಟ್ಟು ಹೋದೆ. ಸುಳ್ಳೇಕೆ ಹೇಳಲಿ, ಬಹಳ ದಿನದ ಮೇಲೆ ಖುಷಿಯಾಗಿದ್ದೆ.

ನೋಡಿದರೆ ಒಲೆಯೇ ಹತ್ತಿಲ್ಲ. ಹೆಣ್ಣುಮಕ್ಕಳೆಲ್ಲ ಬಾಗಿಲಲ್ಲೇ ನಿಂತಿದ್ದಾರೆ.

"ಗಂಡನ ಹೆಸರು ಬಾಯಾಗ ತರಂಗಿಲ್ಲ, ಇನ್ನ ಅದರ ಮ್ಯಾಲ ಕಾಲು ಹ್ಯಾಂಗ ಇಡೂದ್ರಿ?" ಎಂದರು ಅಧ್ಯಕ್ಷರ ಹೆಂಡತಿ. ಸಾಹುಕಾರರ ಸೊಸೆಗೆ ಮಾವನ ಹೆಸರು ಅಡ್ಡ ಬಂದಿತ್ತು. ಸಾಲಿ ಕಲಿತ ಹುಡುಗಿಯರು ಮಾಸ್ತರರ ಹೆಸರು ತುಳಿಯುವುದಿಲ್ಲ ಎಂದರು.

"ಕಲ್ಲು ಬೋರಲು ಹಾಕೂಣು" ಎಂದೆ.

"ನನ್ನ ಹೆಸರು ಮಣ್ಣಾಗ ಹೂಳಾಕ ನಾನೇನ್ ಸತ್ತೇನೇನ್ರಿ?" ಎಂದು ಸಾಹುಕಾರರು ಹೌಹಾರಿದರು.

ಅಷ್ಟರಲ್ಲಿ ಬೀಗರ ಟೆಂಪೋ ಊರಿನ ಅಗಸಿ ಬಾಗಿಲಿಗೆ ಬಂತೆಂದು ಸುದ್ದಿ ಬಂತು. ಆಯಿ ಸೆರಗು ಸಿಕ್ಕಿಸಿ ತೀರ್ಪು ಕೊಟ್ಟಳು: "ತಮ್ಮ ಹೆಸರಿನ ಮ್ಯಾಲ ತಾವು ನಿಂತ್ರ ಪಾಪ ಇಲ್ಲ. ಬರ್ರಿ ಒಳಗ, ಅಡಗಿ ಮಾಡ್ರಿ."

ಅಂದು ಕಮಿಟಿಗೆ ಕಮಿಟಿಯೇ ಒಲೆಯ ಸುತ್ತ ನಿಂತಿತು. ಸಾಹುಕಾರರು ಬದನೆಕಾಯಿ ಹೆಚ್ಚಿದರು. ಅಧ್ಯಕ್ಷರು ಹಿಟ್ಟು ನಾದಿದರು. ಆಯಿ ಬಾಗಿಲಲ್ಲಿ ಕೂತು ಎಲ್ಲರನ್ನೂ ಬೈಯುತ್ತಿದ್ದಳು. ನಾನು ಧೋತರ ಎತ್ತಿ ಕಟ್ಟಿ, ನನ್ನ ಹೆಸರಿನ ಮೇಲೆ ನಿಂತು ಹುಗ್ಗಿ ತಿರುವಿದೆ. ನಡುವೆ ನೆನಪಾಗಿ ಕೀಲಿಕೈ ಬಿಚ್ಚಿ ಅಧ್ಯಕ್ಷರ ಮುಂದೆ ಹಿಡಿದೆ.

"ನೆಲ ನೆಟ್ಟಗಾಗೇತ್ರಿ. ಮಾತು ಕೊಟ್ಟಿದ್ರಿ."

ಅವರು ಮೊಣಕೈತನಕ ಮೆತ್ತಿದ ಎರಡೂ ಕೈ ಎತ್ತಿ ತೋರಿಸಿದರು. "ಕೈ ಹಿಟ್ಟಾಗೇತ್ರಿ ಮಾಸ್ತರ. ಸದ್ಯಕ್ಕ ನಿಮ್ಮ ಸೊಂಟದಾಗ ಇರ್ಲಿ."

ಅದಾಗಿ ಅವರ ಮರಿಮಗನ ತೊಟ್ಟಿಲೂ ಅದೇ ಭವನದಲ್ಲಿ ಆಯಿತು. ಬೀಗ ತೆಗೆದವನು ನಾನೇ. ಅಧ್ಯಕ್ಷರು ಕೈ ತೊಳೆಯುತ್ತಲೇ ಇದ್ದಾರೆ.