ತೂಕ ನೋಡಿ ಕೊಂಡ ಗೇಮಿಂಗ್ ಕಂಪ್ಯೂಟರ್

ನಗು ಬರುವಂಥದ್ದೆಲ್ಲ ನನಗೆ ಅಳು ಬರುವ ಹೊತ್ತಿಗೇ ನಡೆಯುತ್ತದೆ. ಕೊಳ್ಳೇಗಾಲದಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಬಿಡಿಭಾಗ ಆರಿಸಿ ಜೋಡಿಸಿ ಕೊಡುವ ಕೆಲಸ. ಈಗ ಜನ ಎಲ್ಲವನ್ನೂ ಆನ್‌ಲೈನಿನಲ್ಲಿ ತರಿಸುತ್ತಾರೆ, ನನ್ನ ಹತ್ತಿರ ರೇಟು ಮಾತ್ರ ಕೇಳಿ ಹೋಗುತ್ತಾರೆ. ಹೆಂಡತಿ ಕಡೇ ಮಾತು ಹೇಳಿಬಿಟ್ಟಿದ್ದಳು: "ದೀಪಾವಳಿ ಒಳಗೆ ಒಂದಾದ್ರೂ ಮಾರಿ. ಇಲ್ದಿದ್ರೆ ಬಾಗ್ಲು ಹಾಕಿ, ಯಳಂದೂರಲ್ಲಿ ನಮ್ಮಣ್ಣನ ಅಕ್ಕಿ ಮಿಲ್ಲಿಗೆ ಹೋಗಿ." ಆ ಭಾವ ನನ್ನನ್ನು ನೋಡುವುದೇ ಮೂಟೆ ಹೊರುವವನನ್ನು ನೋಡಿದ ಹಾಗೆ. ಜೀವ ಕುಗ್ಗಿಹೋಗಿತ್ತು.

ಬಣ್ಣದ ಫ್ಯಾನು

ಹನೂರಿನ ಆಟೋದವನೊಬ್ಬ ಗೇಮಿಂಗ್ ಕಂಪ್ಯೂಟರ್ ಬೇಕೆಂದು ಬಂದ. ಗಾಜಿನ ಪೆಟ್ಟಿಗೆ, ಬಣ್ಣದ ದೀಪದ ಫ್ಯಾನು ಆರಿಸುವಷ್ಟರಲ್ಲಿ ಅವನ ಬಜೆಟ್ಟು ಮುಗಿಯುತ್ತ ಬಂತು.

"ಪ್ರೊಸೆಸರ್ ಬೇಡವೇನಪ್ಪ?"

"ಅದು ಒರ್ಗಡಿಂದ ಕಾಣ್ತದಾ ಸಾ?"

"ಇಲ್ಲ, ಒಳಗೆ ಮುಚ್ಚಿಹೋಗುತ್ತೆ."

"ಅಂಗಾದ್ರೆ ಆಮ್ಯಾಲೆ ತಕಂಡ್ರಾಯ್ತು ಬುಡಿ."

ಕಡೆಗೆ ಫ್ಯಾನು ಮಾತ್ರ ಕೊಂಡು ಹೋದ. ಮುಂದಿನ ವಾರ ನೋಡಿದರೆ ಅವು ಆಟೋದೊಳಗೆ ಮಿಣಮಿಣ ತಿರುಗುತ್ತಿವೆ. "ಆಟೋ ಅತ್ತಿ ಸಾ, ಕಂಪ್ಯೂಟ್ರು ಗಾಳಿ ಬತ್ತದೆ!" ಎಂದ.

ಅವ್ವನ ತಕ್ಕಡಿ

ಆಮೇಲೆ ರೇಷ್ಮೆ ಸೀರೆ ನೇಯುವ ಮನೆಯ ಯುವಕನೊಬ್ಬ ಅವ್ವನನ್ನು ಕರೆತಂದ. ದುಡ್ಡು ಅವ್ವನದು, ಆದ್ದರಿಂದ ಆಯ್ಕೆಯೂ ಅವ್ವನದೇ. ಒಂದೊಂದನ್ನೂ ಅಂಗೈಯಲ್ಲಿಟ್ಟು ತೂಗಿದಳು. ಪ್ರೊಸೆಸರ್ ನೋಡಿ ಮುಖ ಸಿಂಡರಿಸಿದಳು.

"ಬಿಸ್ಕತ್ತಿನಷ್ಟಿಲ್ಲ, ಇದ್ಕೆ ಅಷ್ಟೊಂದಾ? ಜರಿ ಸೀರೆನೇ ನಾವು ತೂಕ ನೋಡಿ ಕೊಡೋದು ಕಣಪ್ಪ."

ಗ್ರಾಫಿಕ್ಸ್ ಕಾರ್ಡು ಕೈಗಿಟ್ಟೆ. ಕೈ ಕೆಳಗಿಳಿಯಿತು, ಮುಖ ಅರಳಿತು. "ಇದು ಕಣ್ಲಾ ಮಾಲು! ಇದ್ಕಿಂತ ಭಾರದ್ದು ಅದಾ?"

ಇತ್ತು. ಅದನ್ನೇ ಕೊಂಡಳು. ಪ್ರೊಸೆಸರ್ ಕಡಿಮೆಯದಾಯಿತು. ಮಾನಿಟರಿಗೆ ದುಡ್ಡು ಉಳಿಯಲಿಲ್ಲ, ಮನೆಯ ಟೀವಿಯೇ ಸಾಕೆಂದರು. ಹೇಗೋ ಒಂದು ಮಾರಿದೆನಲ್ಲ ಎಂದು ಹೆಂಡತಿಗೆ ಫೋನು ಮಾಡಿದೆ. "ವಾಪಸ್ ಬರದಿದ್ರೆ ಹೇಳಿ" ಎಂದು ಇಟ್ಟಳು.

ತಂಪು ಜಾಗ

ವಾಪಸ್ ಬಂತು. "ಆಟದ ಮಧ್ಯೆ ಆಫ್ ಆಯ್ತದೆ ಸಾ. ದುಡ್ಡು ಕೊಟ್ಬುಡಿ," ಎಂದು ಮಗ ಪೆಟ್ಟಿಗೆ ಕುಕ್ಕಿದ. ಅಂಗಡಿಯಲ್ಲಿ ದಿನವಿಡೀ ಓಡಿಸಿದೆ, ಒಮ್ಮೆಯೂ ಆಫ್ ಆಗಲಿಲ್ಲ. ಕಣ್ಣ ಮುಂದೆ ಅಕ್ಕಿ ಮೂಟೆ. ನಾನೇ ಹೊತ್ತುಕೊಂಡು ಅವರ ಮನೆಗೆ ಹೋದೆ.

"ಎಲ್ಲಿಟ್ಟಿದ್ರಿ?"

"ನೀವೇ ತಣ್ಣಗಿರೋ ಜಾಗ್ದಲ್ಲಿ ಇಡಿ ಅಂದ್ರಲ್ಲ," ಎಂದು ಅವ್ವ ಮಗ್ಗದ ಗುಂಡಿ ತೋರಿಸಿದಳು. ನೇಯುವಾಗ ಕಾಲು ಇಳಿಬಿಡುವ ಆ ಗುಂಡಿಯಲ್ಲಿ, ತುಳಿಯುವ ಹಲಗೆಯ ಪಕ್ಕದಲ್ಲೇ ಪೆಟ್ಟಿಗೆ ಇಡುತ್ತಿದ್ದರಂತೆ. ಅವ್ವ ಹಲಗೆ ತುಳಿಯಲು ಕಾಲು ಚಾಚಿದಾಗಲೆಲ್ಲ ಹೆಬ್ಬೆರಳು ಪವರ್ ಬಟನ್ನಿಗೆ ತಾಗುತ್ತಿತ್ತು! ಮಗ ಶತ್ರುವನ್ನು ಕೊಲ್ಲುವಷ್ಟರಲ್ಲಿ ಅವ್ವ ಆಟವನ್ನೇ ಕೊಂದಿರುತ್ತಿದ್ದಳು.

ಬಟನ್ನು ಗುಂಡಿಯ ಗೋಡೆ ಕಡೆಗೆ, ಬೆನ್ನು ಅವ್ವನ ಕಾಲ ಕಡೆಗೆ ಬರುವಂತೆ ಪೆಟ್ಟಿಗೆಯನ್ನು ಅಲ್ಲೇ ತಿರುಗಿಸಿಟ್ಟೆ. ಮಗನಿಗೆ ಸಿಟ್ಟು ಇಳಿದಿರಲಿಲ್ಲ. "ಇದರ ಸಾವಾಸ ಬ್ಯಾಡ, ವಾಪಸ್ ತಕಳಿ," ಅಂತಲೇ ಇದ್ದ. ಕೊನೆಯ ಸಲ ಒಂದಾಟ ಆಡಪ್ಪ ಎಂದು ಬೇಡಿಕೊಂಡೆ. ಆಡಿದ. ಅವ್ವ ನೇಯ್ದಳು. ಆಫ್ ಆಗಲಿಲ್ಲ. ಆ ಭಾರದ ಕಾರ್ಡು ಕಾದು, ಹಿಂದಿನಿಂದ ಬಿಸಿಗಾಳಿ ಗುಂಡಿಯೊಳಗೆ ಬೀಸತೊಡಗಿತು. ವರ್ಷಗಟ್ಟಲೆ ಆ ತಂಡಿಯಲ್ಲಿ ಸೆಳೆದ ಕಾಲು ಅವ್ವನದು. ಕಣ್ಣು ಮುಚ್ಚಿ "ಅಬ್ಬಾ" ಎಂದಳು.

ಆಟ ಮುಗಿಸಿ ಮಗ ಎದ್ದ. "ಆಯ್ತಲ್ಲ ಸಾ, ತಕಂಡೋಗಿ."

ಮಗ್ಗದಿಂದ ಅವ್ವ ಗದರಿದಳು: "ಯಾರ್ಲಾ ಅದು ತಕಂಡೋಗೋದು? ಕೂತ್ಕಂಡು ಆಡ್ಲಾ ಮೂದೇವಿ, ನನ್ ಕಾಲು ತಣ್ಣಗಾಯ್ತಾವೆ!"