ಪಾಣಿಪತ್ತಿಗೆ ಎರಡು ಲಾರಿ ಅಕ್ಕಿ

ಕಾಲು ಒಂದು ಕಡೆ ನಿಲ್ಲದವನ ಗಾಡಿಗೆ, ತಲೆ ಒಂದು ಕಡೆ ನಿಲ್ಲದ ಜನರೇ ಹುಡುಕಿಕೊಂಡು ಬಂದು ಹತ್ತುತ್ತಾರೆ. ಇದು ನನ್ನ ಅನುಭವ. ಲಾರಿ ಕ್ಲೀನರ್ ಆಗಿದ್ದೆ, ಹೈದರಾಬಾದಿನಲ್ಲಿ ಹೋಟೆಲ್ ಬಟ್ಟಲು ತೊಳೆದೆ, ಒಂದು ಹಂಗಾಮು ಕುರಿ ಹಿಂದೆಯೂ ತಿರುಗಿದೆ. ಈಗ ಕ್ರೂಜರ್ ಗಾಡಿ ಓಡಿಸುತ್ತೇನೆ. ಒಂದು ದಿನ ರಾಯಚೂರಿನಿಂದ ಮಾನ್ವಿಗೆ, ಮರುದಿನ ಗಬ್ಬೂರಿನ ಮೇಲೆ ಹಾಯ್ದು ದೇವದುರ್ಗಕ್ಕೆ. ಶಾಲೆ ಬಿಟ್ಟಾಗ ಇತಿಹಾಸದ ಪಾಠದಲ್ಲಿ ಇನ್ನೂ ಕಲ್ಲಿನ ಕೊಡಲಿ ನಡೆದಿತ್ತು, ತೋಪಿನ ತನಕ ಬಂದಿರಲಿಲ್ಲ. ಉಳಿದ ಯುದ್ಧಗಳನ್ನೆಲ್ಲ ನಾನು ಸ್ಟೇರಿಂಗ್ ಹಿಡಿದೇ ಕಲಿತದ್ದು. ಕಲಿಸಿದವರು ಇಬ್ಬರು ಹಿರಿಯರು. ಅವರ ಜಗಳದ ನಡುವೆ ಒಂದು ಹುಡುಗಿಯ ಮದುವೆ ಸಿಕ್ಕಿಕೊಂಡಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಅವರ ಹಾಗೆ ಯುದ್ಧದಲ್ಲೇ ಕಳೆದುಹೋಗುತ್ತೀರಿ.

೧. ಮುಂದಿನ ಸೀಟು

ಒಂದು ಮುಂಜಾನೆ ರಾಯಚೂರಿನಲ್ಲಿ ಮುಂದಿನ ಸೀಟಿಗೆ ಇಬ್ಬರು ಹತ್ತಿದರು. ಒಬ್ಬರು ನಿವೃತ್ತ ಶಾಲಾ ಮಾಸ್ತರು, ರಾಯಚೂರಿನವರೇ. ಮಗಳಿಗೆ ವರ ನೋಡಲು ಊರೂರು ತಿರುಗುತ್ತಿದ್ದರು. ಇನ್ನೊಬ್ಬರು ಮಾನ್ವಿಯ ಅಕ್ಕಿ ಗಿರಣಿ ಸಾಹುಕಾರರು, ಹಣೆ ತುಂಬ ವಿಭೂತಿ. ಕಿಟಕಿಯಿಂದ ಕೋಟೆ ಕಂಡಿತು. ಮಾಸ್ತರು ಸುಮ್ಮನಿರಬೇಕಲ್ಲ?

"ಜಗತ್ತಿನಾಗ ಯುದ್ಧ ಅಂದ್ರ ಒಂದೇ ನೋಡ್ರಿ, ನಮ್ಮ ರಾಯಚೂರು ಯುದ್ಧ."

ಸಾಹುಕಾರರು ತಂಬಾಕು ಬಾಯಿಗೆ ಹಾಕಿಕೊಳ್ಳುವುದನ್ನು ಅರ್ಧಕ್ಕೇ ನಿಲ್ಲಿಸಿದರು. "ಅಲ್ರೀ ಮಾಸ್ತರ, ಪಾಣಿಪತ್ ಎಲ್ಲಿ ಇಟ್ರಿ?"

"ಅದು ಸೋತ ಯುದ್ಧ ಅಲ್ಲೇನ್ರೀ?"

"ಪುಣೆ ದಂಡು ಸೋತದ್ದು ಯಾಕ ಹೇಳ್ರಿ? ಶೂರತನ ಕಮ್ಮಿ ಇತ್ತೇನು? ಹೊಟ್ಟಿಗೆ ಕೂಳಿರಲಿಲ್ಲ! ದಾರಿ ಕಟ್ಟಿ ಕಾಳುಕಡ್ಡಿ ನಿಲ್ಲಿಸಿಬಿಟ್ರು. ನಾ ಆಗ ಇದ್ದಿದ್ರ ಎರಡು ಲಾರಿ ಸೋನಾಮಸೂರಿ ಕಳಿಸ್ತಿದ್ದೆ, ಇತಿಹಾಸಾನೇ ಬ್ಯಾರೆ ಆಗ್ತಿತ್ತು!"

"ಆಗ ಲಾರಿ ಎಲ್ಲಿದ್ವು?"

"ಎತ್ತಿನ ಬಂಡಿ ಇರಲಿಲ್ಲೇನ್ರೀ?"

ನನಗೂ ರುಚಿ ಹತ್ತಿತು. ಒಂದು ಕಿವಿ ತೋಪಿನ ಮೇಲೆ, ಇನ್ನೊಂದು ಕಿವಿ ಅಕ್ಕಿಯ ಮೇಲೆ. ಗಾಡಿ ಮಾನ್ವಿ ದಾಟಿ ಸಿಂಧನೂರು ದಾರಿ ಹಿಡಿದದ್ದು ನನಗೂ ಗೊತ್ತಾಗಲಿಲ್ಲ, ಮಾನ್ವಿಯಲ್ಲೇ ಹುಟ್ಟಿದ ಸಾಹುಕಾರರಿಗೂ ಗೊತ್ತಾಗಲಿಲ್ಲ. ಹಿಂದಿನಿಂದ ಒಬ್ಬ ಮುದುಕಿ ನನ್ನ ಹೆಗಲಿಗೆ ಕೊಡೆಯಿಂದ ತಿವಿದಳು.

"ಲೇ ಯಪ್ಪಾ, ಅವರ ಯುದ್ಧ ಮುಗದು ನೂರಾರು ವರ್ಷ ಆಗ್ಯಾವಂತ. ನಮ್ಮೂರು ದಾಟಿದ್ದು ಈಗ. ಮೊದಲು ನನ್ನ ಇಳಸು!"

೨. ಭಾನುವಾರದ ಪಲ್ಟಣ

ಜಗಳ ಆದವರು ದೂರ ಆಗಬೇಕು. ಇವರು ಮಾತ್ರ ಭಾನುವಾರ ಭಾನುವಾರ ಸೇರತೊಡಗಿದರು. ಜಗಳ ಅರ್ಧಕ್ಕೆ ನಿಂತಿತ್ತಲ್ಲ, ಅದಕ್ಕೆ. ರಾಯಚೂರು ಕೋಟೆಯ ಬುಡದಲ್ಲಿ ಒಂದು ಚಹಾದ ಹೋಟೆಲ್. ಮಂಡಾಳ ಒಗ್ಗರಣಿ, ಅಂದರೆ ನೆನೆಸಿ ಒಗ್ಗರಿಸಿದ ಮಂಡಕ್ಕಿ, ಮೇಲೆ ಬಿಸಿ ಮಿರ್ಚಿ ಬಜ್ಜಿ. ಇನ್ನೂ ನಾಲ್ಕು ಮಂದಿ ಯುದ್ಧದ ಹುಚ್ಚರು ಕೂಡಿಕೊಂಡರು. ಅವರ ಮಾತು ಕೇಳಿ ಕೇಳಿ ನನಗೊಂದು ಸತ್ಯ ತಿಳಿಯಿತು: ಯಾರಿಗೆ ಯಾವ ಯುದ್ಧ ಸೇರುತ್ತದೆ ಎಂದು ಕೇಳಿದರೆ ಅವರ ಹೊಟ್ಟೆಪಾಡು ಹೇಳಬಹುದು. ಟೇಲರ್ ಮಾಮು ಫ್ರಾನ್ಸಿನ ದೊರೆ ರಷ್ಯಾದ ಮೇಲೆ ಹೋಗಿ ಚಳಿಯಲ್ಲಿ ಸೋತ ಕತೆಗೆ ಕಣ್ಣೀರು ಹಾಕುತ್ತಿದ್ದರು: "ಕೋಟಿಗೆ ಒಳಗ ಅಸ್ತರ್ ಹಚ್ಚಿದ್ರ ಗೆದ್ದಬಿಡ್ತಿದ್ದರೀ!" ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು, ಬುದ್ಧನ ಫೋಟೋ ಕಿಸೆಯಲ್ಲಿಟ್ಟುಕೊಂಡವರು, ಕಳಿಂಗ ಬಿಟ್ಟು ಕದಲುತ್ತಿರಲಿಲ್ಲ: "ಗೆದ್ದಾಂವ ಕುಂತು ಅತ್ತ ಯುದ್ಧ ಅದೊಂದೇ ನೋಡ್ರಿ. ಉಳದದ್ರಾಗೆಲ್ಲಾ ಸೋತವರಷ್ಟೇ ಅತ್ತಾರ."

ಇವರ ನಡುವೆ ಗಬ್ಬೂರಿನ ಹವಾಲ್ದಾರರು. ನಿಜವಾಗಿ ಸೈನ್ಯದಲ್ಲಿ ಇದ್ದು ಬಂದವರು ಅವರೊಬ್ಬರೇ. ದೊಡ್ಡ ಮೀಸೆ, ಸಣ್ಣ ಮಾತು. ಎಲ್ಲರಿಗೂ ಅವರೆಂದರೆ ಭಯಭಕ್ತಿ. ಒಂದು ಭಾನುವಾರ ಮಾಸ್ತರು ಕೈಮುಗಿದು ಕೇಳಿದರು.

"ಹವಾಲ್ದಾರ, ನೀವು ಕಣ್ಣಿಲೆ ಕಂಡ ಯುದ್ಧದ್ದು ಒಂದು ಹೇಳ್ರಿ. ನಾವು ಬರೇ ಓದಿದವರು."

ಹವಾಲ್ದಾರರು ಚಹಾ ಮುಗಿಸಿ, ಮೀಸೆ ಒರೆಸಿಕೊಂಡರು.

"ಯುದ್ಧ ಎಲ್ಲೀದ್ರೀ? ನಾ ಅಡಗಿ ವಿಭಾಗದಾಗ ಇದ್ದೆ. ಪೂರಾ ನೌಕರಿ ಉಳ್ಳಾಗಡ್ಡಿ ಹೆಚ್ಚೂದ್ರಾಗ ಹೋತು. ನನ್ನ ಕಣ್ಣೀರು ಕಂಡು ಹೊಸ ಹುಡುಗ್ರು, ಪಾಪ ಯಾವುದೋ ಯುದ್ಧ ನೆನಸ್ಕೊಂಡು ಅಳಾಕತ್ಯಾನ ಅಂತ ಸಲಾಂ ಹೊಡೀತಿದ್ರು."

೩. ಕುರಿಗಳ ದಂಡು

ಒಮ್ಮೆ ಮಾಸ್ತರು ಹಟ ಹಿಡಿದು ಎಲ್ಲರನ್ನೂ ನನ್ನ ಗಾಡಿಯಲ್ಲಿ ಕೃಷ್ಣಾ ನದಿಯ ಕಡೆಗೆ ಕರೆದುಕೊಂಡು ಹೊರಟರು, ರಾಯಚೂರು ಯುದ್ಧ ನಡೆದ ಸೀಮೆ ತೋರಿಸುತ್ತೇನೆಂದು. ಅಪ್ಪನಿಗೆ ಬಿಸಿಲಿನಲ್ಲಿ ತಲೆ ತಿರುಗೀತು ಎಂದು ಮಾಸ್ತರ ಮಗಳು ಕೂಡ ಬಂದಳು. ದವಾಖಾನೆಯಲ್ಲಿ ನರ್ಸು ಅವಳು. ಬಾಯಿ ಬಿಗಿದು ಕೂತ ಮಕ್ಕಳಿಗೆ ಔಷಧ ಕುಡಿಸಿ ಪಳಗಿದ ಕೈ. ಅಪ್ಪ ಜಗಳ ತೆಗೆದಾನು ಎಂದು ಸಾಹುಕಾರರ ಮಗನೂ ಬಂದ. ಗಿರಣಿ ನೋಡಿಕೊಳ್ಳುವ ಮೆತ್ತನೆಯ ಹುಡುಗ. ಮುಂದಿನ ಸೀಟಿನಲ್ಲಿ ರಾಯಚೂರಿಗೂ ಪಾಣಿಪತ್ತಿಗೂ ಕಾಳಗ. ನಾನು ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ಕಡಲೆ ಬೀಜದ ಪೊಟ್ಟಣ ಹಂಚಿಕೊಂಡು ಸಂಧಾನ ನಡೆದಿತ್ತು.

ಬಯಲಿನಲ್ಲಿ ಒಬ್ಬ ಕುರಿ ಮೇಯಿಸುತ್ತಿದ್ದ. ಮಾಸ್ತರಿಗೆ ಹುರುಪು ಬಂತು.

"ಅಕಾ, ಆ ಕುರಿಗೋಳೇ ಬಿಜಾಪುರ ಸುಲ್ತಾನರ ದಂಡು ಅಂತ ತಿಳೀರಿ. ಸುಲ್ತಾನರ ಕಡೆ ತೋಪು ಭಾಳ ಇದ್ವು. ಏನ್ ಮಾಡಿದ್ರು? ಎಲ್ಲಾ ತೋಪು ಒಮ್ಮಿಗೇ ಹಾರಿಸಿಬಿಟ್ರು! ವಿಜಯನಗರದ ಮುಂದಿನ ಸಾಲು ಹಿಂದಕ್ಕ ಸರೀತು. ಖರೆ, ತೋಪಿಗೆ ಮತ್ತ ಮದ್ದು ತುಂಬಾಕ ವ್ಯಾಳ್ಯಾ ಬೇಕಲ್ರೀ? ತೋಪು ಖಾಲಿ ಆದ ಆ ಗಳಿಗಿಗೆ ರಾಯರು ನುಗ್ಗಿದ್ರು ನೋಡ್ರಿ! ಸುಲ್ತಾನರ ದಂಡು ಓಡಿ ಓಡಿ ಹೊಳಿಗೆ ಬಿತ್ತು."

"ನನ್ನ ಕುರಿ ಯಾರ ದಂಡೂ ಅಲ್ರೀ ಯಪ್ಪಾ" ಎಂದ ಕುರಿಯವನು, "ನನ್ನವು."

ಮಾಸ್ತರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ, "ಢಮ್ಮ್!" ಎಂದು ತೋಪು ಹಾರಿಸಿಯೇ ಬಿಟ್ಟರು. ಸುಲ್ತಾನರ ದಂಡು ಹೊಳೆಯ ಕಡೆಗೆ ಓಡಲಿಲ್ಲ, ಪಕ್ಕದ ಹತ್ತಿ ಹೊಲಕ್ಕೆ ನುಗ್ಗಿತು. ಹೊಲದವನು ಬಡಿಗೆ ಹಿಡಿದು ಬಂದ, ಕುರಿಯವನು ಅವನ ಜೊತೆ ಸೇರಿಕೊಂಡ. ಯುದ್ಧಪಂಡಿತರೆಲ್ಲ ಚಪ್ಪಲಿ ಬಿಟ್ಟು ಓಡಿದರು. ನಾನು ಗಾಡಿ ಹತ್ತಿರ ತಲುಪುವಷ್ಟರಲ್ಲಿ ಹವಾಲ್ದಾರರು ಆಗಲೇ ಒಳಗೆ ಕೂತು ಬಾಗಿಲು ಹಾಕಿಕೊಂಡಿದ್ದರು.

"ಏನ್ರೀ ಹವಾಲ್ದಾರ, ನೀವೇ ಮೊದಲು ಓಡಿದ್ರಿ?" ಎಂದೆ.

"ನಾ ಓಡಿಲ್ಲ" ಎಂದರು ಮೀಸೆ ತಿರುವುತ್ತ. "ಗಾಡಿ ಕಾಯಾಕ ಬಂದೀನಿ."

೪. ಸುಲ್ತಾನರ ಆನೆ

ಹಿಂದಿನ ಸೀಟಿನ ಸಂಧಾನ ಎರಡೂ ಮನೆಗೆ ಗೊತ್ತಾಯಿತು. ಬೇಡ ಎನ್ನಲು ಯಾರಿಗೂ ಕಾರಣವಿರಲಿಲ್ಲ. ಕನ್ಯಾ ನೋಡಲು ಸಾಹುಕಾರರು ಮಗನನ್ನು ಕರೆದುಕೊಂಡು ಮಾಸ್ತರ ಮನೆಗೆ ಬಂದರು, ನನ್ನದೇ ಗಾಡಿ. ಹೆಣ್ಣು ಬಂದಳು, ಕೂತಳು, ಎದ್ದು ಒಳಗೆ ಹೋದಳು. ಒಗ್ಗರಣಿ ಮಿರ್ಚಿ ಬಂತು. ಮಾಸ್ತರ ಹೆಂಡತಿ ಬಾಗಿಲ ಮರೆಯಿಂದ ಗಂಡನಿಗೆ ಕಣ್ಣು ಮಾಡಿದರು: ಇವತ್ತೊಂದು ದಿನ ಯುದ್ಧ ಬ್ಯಾಡ.

ಮಾಸ್ತರು ಸಂಯಮದಿಂದಲೇ ಇದ್ದರು, ತಾಟು ಎದುರಿಗೆ ಬರುವ ತನಕ.

"ಸಾಹುಕಾರ, ಅವತ್ತು ಕುರಿ ಓಡಿದ್ರಿಂದ ನಿಮಗ ಸರಿಯಾಗಿ ತಿಳೀಲಿಲ್ಲ. ಈ ತಾಟಿನ್ಯಾಗ ತೋರಿಸ್ತೀನಿ." ಸಾಹುಕಾರರ ತಾಟಿನಲ್ಲೇ ಮಂಡಾಳವನ್ನು ಎರಡು ಗುಂಪು ಮಾಡಿದರು. "ಇದು ರಾಯರ ದಂಡು. ಇದು ಸುಲ್ತಾನರದ್ದು. ಮಿರ್ಚಿ ಅಂದ್ರ ಆನಿ. ಈ ಚಹಾದ ಬಸಿ ಕೃಷ್ಣಾ ಹೊಳಿ. ಈಗ ನೋಡ್ರಿ..."

ಸಾಹುಕಾರರು ಮಾನ್ವಿಯಿಂದ ಉಪವಾಸ ಬಂದವರು. ಅವರು ಸುಲ್ತಾನರ ಆನೆ ಎತ್ತಿಕೊಂಡು ಕಚ್ಚಿದರು.

"ಅಯ್ಯ, ಆನಿ ತಿಂದ್ರಲ್ರೀ! ಯುದ್ಧ ಇನ್ನೂ ಶುರುನೇ ಆಗಿಲ್ಲ!"

"ಹಸಿವಾಗ್ಯಾದ್ರೀ ಮಾಸ್ತರ! ಇದಕ್ಕ ನಾ ಪಾಣಿಪತ್ ಅಂತ ಬಡಕೊಳ್ಳೂದು. ಹೊಟ್ಟಿಗೆ ಇಲ್ದ ಯಾವ ಯುದ್ಧಾನೂ ನಡಿಯೂದಿಲ್ಲ!"

"ಪಾಣಿಪತ್ ಒಂದು ಯುದ್ಧ ಅಲ್ಲ. ಅದು ಊಟದ ವ್ಯವಸ್ಥಾ ಕೆಟ್ಟ ಯಾತ್ರಿ!"

ಮಾತು ಬಾಯಿಂದ ಬಿತ್ತು. ಸಾಹುಕಾರರು ಶಲ್ಯ ಕೊಡವಿ ಎದ್ದರು. "ಪಾಣಿಪತ್ತೇ ದೊಡ್ಡದು ಅಂತ ನಿಮ್ಮ ಬಾಯಿಲೆ ಹೇಳ್ರಿ, ಆ ದಿನ ಬಂದು ಸಕ್ರಿ ತಿಂತೀನಿ. ಅಲ್ಲೀತನಾ ಈ ಸಂಬಂಧ ಇಲ್ಲ."

ಮಗ ಕೆಂಪಗಾಗಿ ಅಪ್ಪನ ಹಿಂದೆ ನಡೆದ. ಒಳಗಿನಿಂದ ಹುಡುಗಿ ಬಿಕ್ಕಿದ್ದು ಹೊರಗೆ ಕೇಳಿತು. ಗಾಡಿ ಮಾನ್ವಿ ದಾರಿ ಹಿಡಿಯಿತು. ಕಲ್ಲೂರು ದಾಟಿದ ಮೇಲೆ ಸಾಹುಕಾರರು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು.

"ಅವರ ಮನಿ ಮಿರ್ಚಿ ಭಾಳ ಚಲೋ ಇದ್ವು. ಇನ್ನೊಂದು ಆನಿ ಉಳದಿತ್ತಲ್ಲೋ?"

೫. ಸಕ್ರಿ

ನಮ್ಮ ಕಡೆ ಮಾತು ಮುಗಿಯುವುದು ಸಕ್ಕರೆಯಿಂದ. ಎರಡೂ ಕಡೆಯ ಹಿರಿಯರು ಎದುರು ಕಡೆಯವರ ಕೈಯಿಂದ ಸಕ್ಕರೆ ತಿಂದರೆ ಸಂಬಂಧ ಗಟ್ಟಿ. ಆಮೇಲೆ ಹಿಂದೆ ಸರಿಯುವಂತಿಲ್ಲ. ಇಬ್ಬರು ಹಿರಿಯರೂ ಬಿಗಿದು ಕೂತದ್ದರಿಂದ ಹುಡುಗ ಹುಡುಗಿ ಸೊರಗಿದರು. ಕೊನೆಗೆ ಹವಾಲ್ದಾರರು ಎರಡೂ ಮನೆಯವರನ್ನು ಗಬ್ಬೂರಿನ ತಮ್ಮ ಮನೆಗೆ ಕರೆದರು. ಕಾರಣ ಚಲೋ ಕೊಟ್ಟರು: "ಇದು ರಾಯಚೂರೂ ಅಲ್ಲ, ಪಾಣಿಪತ್ತೂ ಅಲ್ಲ."

ಜಮಖಾನೆ ಹಾಸಿದರು. ನಡುವೆ ಸಕ್ಕರೆ ತಟ್ಟೆ. ಮಾಸ್ತರು ಒಂದು ಗೋಡೆಗೆ, ಸಾಹುಕಾರರು ಎದುರಿನ ಗೋಡೆಗೆ. ಸಾಹುಕಾರರು ತುಟಿ ಒತ್ತಿ ಹಿಡಿದು ಕೂತಿದ್ದರು, ಯಾರಾದರೂ ಅಪ್ಪಿತಪ್ಪಿ ಸಕ್ಕರೆ ಹಾಕಿಯಾರೆಂದು. ಹವಾಲ್ದಾರರು ಮಾಸ್ತರ ಕಿವಿಯಲ್ಲಿ ಗೋಗರೆದರು: "ಪಾಣಿಪತ್ ದೊಡ್ಡದು ಅಂದ್ಬಿಡ್ರಿ. ನಿಮ್ದೇನು ಹೋಗ್ತದ?"

ಮಾಸ್ತರು ಮಗಳ ಮುಖ ನೋಡಿದರು. ಅವಳ ಕಣ್ಣು ತುಂಬಿತ್ತು. ಬಾಯಿ ತೆರೆದರು. "ಪಾಣಿ..." ಎಂದರು. ಮುಂದಿನದು ಬರಲಿಲ್ಲ. "ಪಾಣಿ..." ಎಂದರು ಮತ್ತೆ. ಹವಾಲ್ದಾರರ ಹೆಂಡತಿ ನೀರಿನ ತಂಬಿಗೆ ತಂದು ಅವರ ಮುಂದಿಟ್ಟಳು.

ಆಗ ಹುಡುಗಿ ಎದ್ದಳು. ಸಕ್ಕರೆ ತಟ್ಟೆ ತಗೊಂಡು ಸಾಹುಕಾರರ ಮುಂದೆ ಹೋಗಿ ಕೂತಳು.

"ಮಾವಾರ, ನಮ್ಮಪ್ಪ ನಿಮಗ ಮಾತಾಡಾಕ ಬಿಟ್ಟೇ ಇಲ್ರೀ. ಪಾಣಿಪತ್ ಯಾಕ ದೊಡ್ಡದು? ನನಗ ಹೇಳ್ರಿ, ನಾ ಕೇಳ್ತೀನಿ."

ಸಾಹುಕಾರರು ಅನುಮಾನದಿಂದ ನೋಡಿದರು. ಆದರೆ ಪಾಣಿಪತ್ತನ್ನು ಪೂರಾ ಕೇಳುತ್ತೇನೆ ಎಂದವರು ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಶುರು ಮಾಡಿದರು. ಪುಣೆಯಿಂದ ದಂಡು ಹೊರಡಿಸಿದರು. ಎತ್ತು ಎಣಿಸಿದರು, ಬಂಡಿ ಎಣಿಸಿದರು. ಜೋಳ, ಗೋಧಿ, ಬೇಳೆ, ತುಪ್ಪ. ದಂಡಿನ ಹಿಂದೆ ಯಾತ್ರೆಗೆ ಹೊರಟ ಹೆಂಗಸರು ಮುದುಕರು. ದಾರಿ ಕಟ್ಟಿದ್ದು, ಕಾಳು ತೀರಿದ್ದು, ಎಲೆ ತಿಂದದ್ದು. ಹುಡುಗಿ "ಹೌದ್ರೀ?" "ಅಯ್ಯ ಪಾಪ" ಎನ್ನುತ್ತ ಒಂದು ಮಾತೂ ಅಡ್ಡ ಹಾಕದೆ ಕೇಳಿದಳು. ಬಿಸಿಲು ಈ ಗೋಡೆಯಿಂದ ಆ ಗೋಡೆಗೆ ಸರಿಯಿತು. ಸಾಹುಕಾರರು ಸೋನಾಮಸೂರಿಯ ಎರಡು ಲಾರಿಯನ್ನೂ ಕಳಿಸಿ ಮುಗಿಸಿದರು. ಗಂಟಲು ಒಣಗಿತು. ಇನ್ನು ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಉಸ್ಸೆಂದು ಉಸಿರು ಬಿಟ್ಟು, ನೀರು ಕೇಳಲು ಬಾಯಿ ದೊಡ್ಡದಾಗಿ ತೆರೆದರು.

ನರ್ಸಿನ ಕೈ. ಸಕ್ಕರೆ ಒಳಗೆ!

ಸಾಹುಕಾರರ ಎರಡೂ ಕೆನ್ನೆ ಉಬ್ಬಿದ್ದವು. ನುಂಗಿದರೆ ಬೀಗರು. ಉಗುಳುವುದಕ್ಕೆ ಬಾಗಿಲ ಕಡೆ ನೋಡಿದರು. ಹವಾಲ್ದಾರರ ಹೆಂಡತಿ ಗದರಿದಳು: "ಸಕ್ರಿ ಉಗಳ್ತಾರೇನ್ರೀ? ಮನಿಗೆ ಕೇಡು!" ಅಷ್ಟರಲ್ಲಿ ಸಕ್ಕರೆಯೇ ಅವರನ್ನು ಕೇಳದೆ ಕರಗಿತು.

"ಯವ್ವಾ" ಎಂದರು ಕೊನೆಗೆ, "ಈ ಪಟ್ಟು ನಿನಗ ಯಾರು ಕಲಿಸಿದ್ರು?"

ಹುಡುಗಿ ತಲೆ ತಗ್ಗಿಸಿದಳು. "ಊಟಕ್ಕ ಕುಂತಾಗೆಲ್ಲಾ ನಮ್ಮಪ್ಪ ಅದನ್ನೇ ಹೇಳ್ತಾನ್ರೀ. ಎದುರಿನವರ ತೋಪು ಖಾಲಿ ಆಗೂತನಾ ಸುಮ್ನ ಇರು, ಆಮ್ಯಾಲೆ ನುಗ್ಗು ಅಂತ."

ಮಾಸ್ತರು ಗೋಡೆ ಬಿಟ್ಟು ಜಿಗಿದೆದ್ದರು. "ರಾಯಚೂರು ಯುದ್ಧ! ರಾಯಚೂರು ಯುದ್ಧ ನೋಡ್ರಿ!" ಎನ್ನುತ್ತ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಓಡಿಹೋಗಿ ಸಾಹುಕಾರರನ್ನು ತಬ್ಬಿಕೊಂಡರು. ಸಾಹುಕಾರರು ಬೀಗರ ಹೆಗಲ ಮೇಲಿನಿಂದಲೇ ಮಗನಿಗೆ ಹೇಳಿದರು:

"ಮಗನ, ಈ ಹುಡುಗಿ ಮುಂದ ಎಂದೂ ಎಲ್ಲಾ ತೋಪು ಒಮ್ಮಿಗೇ ಹಾರಸಬ್ಯಾಡ. ಒಂದು ಉಳಿಸ್ಕೊ." ಆಮೇಲೆ ಮಾಸ್ತರಿಗೆ: "ಮದವಿ ಅಕ್ಕಿ ನಂದು. ಎರಡು ಲಾರಿ. ಪಾಣಿಪತ್ತಿಗೆ ಮುಟ್ಟಿಸಾಕ ಆಗಲಿಲ್ಲ, ಇಲ್ಲಿಗರೆ ಮುಟ್ಟಲಿ."

ಎಲ್ಲರೂ ನಗುತ್ತಿದ್ದಾಗ ಹವಾಲ್ದಾರರು ಮಾತ್ರ ಕಂಬದ ಹತ್ತಿರ ನೆಟ್ಟಗೆ ನಿಂತಿದ್ದರು. ಹುಡುಗಿ ಸಕ್ಕರೆ ತಟ್ಟೆ ಹಿಡಿದು ಎದುರು ಬಂದಾಗ, ಹಿಮ್ಮಡಿ ಕೂಡಿಸಿ ಅವಳಿಗೆ ಸೆಲ್ಯೂಟ್ ಹೊಡೆದರು.

"ಪೂರಾ ನೌಕರಿ ಮುಗಿಸಿ ಪಿಂಚಣಿ ತಿನ್ನಾಕತ್ತೀನಿ ಯವ್ವಾ" ಎಂದರು, "ಯುದ್ಧ ಅಂಬೂದು ಕಣ್ಣಿಲೆ ನೋಡಿದ್ದು ಇವತ್ತೇ."